ಘಟ್ಟ ಹತ್ತಿದವರ ಗೊರಬೆ

ಚಾರ್ಮಾಡಿ ಹತ್ತಿ ಬಂದ ಬಸ್ಸು ಕೊಟ್ಟಿಗೆಹಾರದಲ್ಲಿ ನಿಂತಿತೆಂದರೆ ಅರ್ಧಕ್ಕರ್ಧ ಜನ ನೀರುದೋಸೆಗೆಂದು ಇಳಿಯುತ್ತಾರೆ. ಮಂಜು ಕವಿದ ಈ ಸಣ್ಣ ಪೇಟೆಗೆ ಹೆಸರು ತಂದುಕೊಟ್ಟ ದೋಸೆ ಅಸಲಿಗೆ ಕರಾವಳಿಯದು. ಅದು ಹತ್ತಿ ಬಂದ ದಾರಿಯಲ್ಲೇ ಮೂಡಿಗೆರೆ ಸೀಮೆಯ ಕಾಫಿ ತೋಟಗಳಿಗೆ ತಲೆಮಾರುಗಟ್ಟಲೆ ಆಳುಗಳೂ ಹತ್ತಿ ಬಂದರು. ದೋಸೆಯ ಹೆಸರು ಹೋಟೆಲಿನ ಬೋರ್ಡಿನ ಮೇಲಿದೆ. ಆಳುಗಳ ಹೆಸರು ತೋಟದ ರೈಟರ ಹಾಜರಿ ಪುಸ್ತಕ ದಾಟಿ ಹೊರಗೆ ಬಂದದ್ದು ಕಡಿಮೆ.

ಕಾಫಿಯ ಕಥೆ ಹೇಳುವಾಗ ಹೆಸರುಗಳಿಗೇನೂ ಬರವಿಲ್ಲ. ಯೆಮನ್‌ನಿಂದ ಏಳು ಬೀಜ ತಂದರೆಂದು ನಂಬಿಕೆಯಿರುವ ಬಾಬಾ ಬುಡನ್, 1830ರ ದಶಕದಲ್ಲಿ ಬಾಬಾ ಬುಡನ್ ಗಿರಿಯ ತಪ್ಪಲಲ್ಲಿ ತೋಟ ಮಾಡಿದ ಥಾಮಸ್ ಕ್ಯಾನನ್, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾದಾಗ ಮೈಸೂರಿನ ಕೃಷಿ ಇಲಾಖೆ ನಡೆಸುತ್ತಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಗಿಡದಿಂದ ಲೋಟದವರೆಗಿನ ಹಾದಿಯನ್ನು ತೋರಿಸಲು ಚಿಕ್ಕಮಗಳೂರಿನಲ್ಲಿ ಕಾಫಿ ಮಂಡಳಿಯ ‘ಕಾಫಿ ಯಾತ್ರಾ’ ವಸ್ತುಸಂಗ್ರಹಾಲಯವೂ ಇದೆ.

ಇನ್ನೊಂದು ಯಾತ್ರೆ ಕಾಲ್ನಡಿಗೆಯದು. ತುಳುನಾಡಿನಲ್ಲಿ ಅದಕ್ಕೆ ‘ಘಟ್ಟಕ್ಕೆ ಹೋಗುವುದು’ ಎಂದಷ್ಟೇ ಹೆಸರು. ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಡುತ್ತಿದ್ದ. ಭತ್ತದ ಕೊಯ್ಲು ಮುಗಿಸಿದವರು ಚಾರ್ಮಾಡಿ, ಶಿರಾಡಿ, ಬಿಸಿಲೆಗಳನ್ನು ಹತ್ತಿ, ಹಣ್ಣು ಕುಯ್ದು, ಕಣದಲ್ಲಿ ದುಡಿದು, ಮಳೆಗೆ ಮುಂಚೆ ತಮ್ಮ ಗದ್ದೆಗೆ ಮರಳುತ್ತಿದ್ದರು. ಮುಂಗಡ ತೀರದವರು ತೋಟದ ಲೈನುಮನೆಗಳಲ್ಲೇ ಉಳಿದರು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಶಿಕ್ಷಿಸಲು ಬ್ರಿಟಿಷ್ ಸರ್ಕಾರ 1859ರಲ್ಲೇ ಕಾಯ್ದೆ ಮಾಡಿತ್ತು. ತೋಟದ ಕಾರ್ಮಿಕರಿಗೆ ಮನೆ, ನೀರು, ವೈದ್ಯಕೀಯ ನೆರವು ಕೊಡಬೇಕೆಂಬ ಕಾನೂನು ಬಂದದ್ದು 1951ರಲ್ಲಿ.

ಇಂಥವರ ಪಾತ್ರೆ ಪಗಡಿ ಗಾಜಿನ ಪೆಟ್ಟಿಗೆಯೊಳಗೆ ಇಡಲು ಲಾಯಕ್ಕೆಂದು ಯಾರಿಗಾದರೂ ಅನ್ನಿಸಬೇಕಲ್ಲ! ಕರ್ನಾಟಕದಲ್ಲಿ ಅನ್ನಿಸಿದ್ದು ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾದಾಗ ಅದಕ್ಕೆ ರೂಪ ಕೊಟ್ಟವರಲ್ಲಿ ಒಬ್ಬರು ಚಿತ್ರದುರ್ಗ ಜಿಲ್ಲೆಯ ಹರ್ತಿಕೋಟೆಯ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ. ಸಂಗ್ರಹ ನೆಲೆಗೊಂಡದ್ದು ರಾಜಕುಮಾರಿಗೆಂದು ಕಟ್ಟಿದ್ದ ಜಯಲಕ್ಷ್ಮೀವಿಲಾಸದಲ್ಲಿ. ರಾಜಕುಮಾರಿಯ ಕೋಣೆಗಳಿಗೆ ಒಕ್ಕಲು ಮಕ್ಕಳ ಸಾಮಾನು ಹೊಕ್ಕಿತು. ಜಾನಪದ ಸಂಗ್ರಾಹಕ ಎಚ್.ಎಲ್. ನಾಗೇಗೌಡರು ಕಟ್ಟಿದ ವಸ್ತುಸಂಗ್ರಹಾಲಯ ‘ಜಾನಪದ ಲೋಕ’ ರಾಮನಗರದ ಬಳಿ ಬಾಗಿಲು ತೆರೆದದ್ದು 1994ರಲ್ಲಿ.

ವಸ್ತುಸಂಗ್ರಹಾಲಯದಲ್ಲಿ ಯಾರಿಗೆ ಜಾಗ ಎಂಬ ತಕರಾರು ಅದೇ 1994ರಲ್ಲಿ ಅಮೆರಿಕದಲ್ಲೂ ವರದಿಯಾಗಿ ಹೊರಬಿತ್ತು. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆ ನೇಮಿಸಿದ್ದ ಕಾರ್ಯಪಡೆಯೇ, ಸಂಸ್ಥೆ ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೊ ಜನರನ್ನು ಬೇಕೆಂದೇ ಕಡೆಗಣಿಸಿದೆ ಎಂದು ಬರೆಯಿತು. ಪ್ರದರ್ಶನದಲ್ಲೂ ಅವರಿಲ್ಲ, ಏನನ್ನು ಪ್ರದರ್ಶಿಸಬೇಕೆಂದು ತೀರ್ಮಾನಿಸುವ ಕುರ್ಚಿಗಳಲ್ಲೂ ಅವರಿಲ್ಲ. ಅವರದೇ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕಾನೂನಿನ ಒಪ್ಪಿಗೆ ಸಿಗಲು 2020ರ ಡಿಸೆಂಬರ್ ಬರಬೇಕಾಯಿತು.

ಕುರ್ಚಿಯಲ್ಲಿ ಯಾರು ಕೂತರೇನು ಎನ್ನುವವರು ಕೊಟ್ಟಿಗೆಹಾರದಿಂದ ಘಟ್ಟ ಇಳಿದು, ಬೆಳ್ತಂಗಡಿ ದಾಟಿ, ಬಂಟ್ವಾಳದ ಬಿ.ಸಿ. ರೋಡಿಗೆ ಹೋಗಬೇಕು. ಇತಿಹಾಸದ ಪ್ರಾಧ್ಯಾಪಕ ತುಕಾರಾಮ ಪೂಜಾರಿ ಅವರು 1995ರಲ್ಲಿ ಆರಂಭಿಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಅಲ್ಲಿದೆ. ಮನೆಮನೆ ಸುತ್ತಿ ಕೂಡಿಸಿದ ತುಳು ಬದುಕಿನ ವಸ್ತುಗಳು ಅಲ್ಲಿನ ಆಸ್ತಿ. ತುಳುವರ ಬಳಕೆಯ ವಸ್ತುಗಳಲ್ಲಿ ಎರಡನ್ನು ಹತ್ತಿರದಿಂದ ನೋಡಬೇಕು. ಒಂದು ಮುಟ್ಟಾಳೆ, ಅಡಿಕೆ ಹಾಳೆಯ ಟೊಪ್ಪಿ. ಬಿಸಿಲು ತಡೆಯುತ್ತದೆ, ಹೊರೆ ಹೊತ್ತಾಗ ನೆತ್ತಿಗೂ ಮೆತ್ತೆಯಾಗುತ್ತದೆ. ಇನ್ನೊಂದು ಗೊರಬೆ. ಬಿದಿರಿನ ಹೆಣಿಗೆಗೆ ಒಣಗಿದ ಎಲೆ ಹೊದಿಸಿ ಮಾಡಿದ್ದು. ಗೋಡೆಗೆ ನೇತುಹಾಕಿದರೆ ಅದು ಮುರಿದ ದೋಣಿಯ ತುಂಡಿನಂತೆ ಕಾಣುತ್ತದೆ. ಕೊಡೆ ಹಿಡಿದರೆ ಒಂದು ಕೈ ಹೋಯಿತು. ಗೊರಬೆ ತಲೆಯಿಂದ ಸೊಂಟದವರೆಗೆ ಕವುಚಿಕೊಂಡು ಎರಡೂ ಕೈಗಳನ್ನು ನೇಜಿಗೆ, ಅಂದರೆ ಭತ್ತದ ಸಸಿಗೆ, ಬಿಟ್ಟುಕೊಡುತ್ತದೆ. ಅದರ ಬಾಗು ನಾಟಿಗೆ ಬಗ್ಗಿದ ಹೆಣ್ಣಿನ ಬೆನ್ನಿನ ಬಾಗು. ಇದನ್ನು ಬರೆದ ಚೀಟಿ ಇಲ್ಲದಿದ್ದರೆ ನೋಡುವವರಿಗೆ ಕಾಣುವುದು ಬರೀ ಬುಟ್ಟಿ. ಅಮ್ಮನೋ ಅಜ್ಜಿಯೋ ಅದನ್ನು ಹೊದ್ದು ಗದ್ದೆಗಿಳಿದದ್ದನ್ನು ಕಂಡವರಿಗೆ ಆ ಚೀಟಿ ಬರೆಯಲು ಯಾವ ಗ್ರಂಥವೂ ಬೇಡ.

ಈಗ ಮೂಡಿಗೆರೆ ಕಡೆಯ ತೋಟಗಳಲ್ಲಿ ಉತ್ತರ ಕರ್ನಾಟಕದವರ ಜೊತೆ ಅಸ್ಸಾಮಿನವರೂ ಹಣ್ಣು ಕುಯ್ಯುತ್ತಾರೆ. ಗೊರಬೆಯ ಜಾಗಕ್ಕೆ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ. ಖಾಲಿ ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ತೂರಿಸಿ ತಲೆಗೆ ಹಾಕಿಕೊಂಡರೆ ಆಯಿತು. ಮಳೆ ಬಿಟ್ಟ ಮೇಲೆ ಅದು ಲೈನುಮನೆಯ ಹಿಂದಿನ ಬೇಲಿಯ ಮೇಲೆ ಬಿದ್ದಿರುತ್ತದೆ.