ಮಾಂಟ್‌ಮೊರೆನ್ಸಿ: ಅಳಿದ ವಂಶ, ಉಳಿದ ಹೆಸರು

ಮಧ್ಯಯುಗದ ಫ್ರಾನ್ಸಿನಲ್ಲಿ ಶ್ರೀಮಂತ ಮನೆತನಗಳು ತಮ್ಮ ಹೆಸರನ್ನು ಬಹುಮಟ್ಟಿಗೆ ತಾವು ಆಳಿದ ಭೂಮಿಯಿಂದ ಪಡೆದವು. ಪ್ಯಾರಿಸ್ಸಿನ ಉತ್ತರಕ್ಕಿರುವ ಮಾಂಟ್‌ಮೊರೆನ್ಸಿ ಎಂಬ ಊರಿನ ಒಡೆತನ ಹೊಂದಿದ್ದ ವಂಶವು ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಸೈನ್ಯದ ಮಹಾದಂಡನಾಯಕನಾಗಿದ್ದ ಆನ್ ದ ಮಾಂಟ್‌ಮೊರೆನ್ಸಿಯ (1493–1567) ಕಾಲಕ್ಕೆ ಇದರ ವೈಭವ ತುತ್ತತುದಿಗೇರಿತು. 1551ರಲ್ಲಿ ಅವನಿಗೆ ಡ್ಯೂಕ್ ಪದವಿ ದೊರೆಯಿತು.

ಈ ವೈಭವ ದೀರ್ಘಕಾಲ ಬಾಳಲಿಲ್ಲ. ಆನ್‌ನ ಮೊಮ್ಮಗ ಎರಡನೆಯ ಹೆನ್ರಿಯು ಹದಿಮೂರನೆಯ ಲೂಯಿಯ ಮಂತ್ರಿ ರಿಶೆಲ್ಯೂವಿನ ವಿರುದ್ಧ ದಂಗೆಯೆದ್ದು ಸೆರೆಸಿಕ್ಕಿ, 1632ರ ಅಕ್ಟೋಬರ್ 30ರಂದು ತುಲೂಸ್ ನಗರದಲ್ಲಿ ಶಿರಚ್ಛೇದಕ್ಕೊಳಗಾದನು. ಅವನ ಆಸ್ತಿಯ ಬಹುಭಾಗ ಸೋದರಿಯ ಮೂಲಕ ಕೊಂಡೆ ರಾಜಕುಮಾರರ ಪಾಲಾಯಿತು.

ಅಲ್ಲಿಂದ ಮುಂದೆ ಹೆಸರನ್ನೇ ಅಳಿಸುವ ಪ್ರಯತ್ನಗಳು ನಡೆದುದು ಗಮನಾರ್ಹ. 1689ರಲ್ಲಿ ಈ ಡ್ಯೂಕ್ ಸಂಸ್ಥಾನಕ್ಕೆ ಆಂಗ್ಯಾನ್ ಎಂದು ಮರುನಾಮಕರಣವಾಯಿತು. ಜನರು ಊರನ್ನು ಹಳೆಯ ಹೆಸರಿನಿಂದಲೇ ಕರೆಯುತ್ತ ಬಂದರು. ಹೊಸ ಹೆಸರು ಕಡೆಗೆ ನೆರೆಯ ಸರೋವರದ ತೀರದಲ್ಲಿ ಬೆಳೆದ ಆಂಗ್ಯಾನ್-ಲೆ-ಬ್ಯಾಂ ಪಟ್ಟಣದಲ್ಲಿ ನೆಲೆನಿಂತಿತು. 1790ರ ಜೂನ್ 19ರಂದು ಕ್ರಾಂತಿಯ ಸಭೆ ವಂಶಪಾರಂಪರ್ಯ ಪದವಿಗಳನ್ನು ರದ್ದುಗೊಳಿಸಿದಾಗ, ಅದನ್ನು ಬೆಂಬಲಿಸಿದವರಲ್ಲಿ ಇದೇ ವಂಶದ ಮಾತ್ಯೂ ದ ಮಾಂಟ್‌ಮೊರೆನ್ಸಿಯೂ ಒಬ್ಬನಾಗಿದ್ದನು. ಕ್ರಾಂತಿಕಾರರು ಊರಿಗೆ 'ಎಮಿಲ್' ಎಂದು ಹೆಸರಿಟ್ಟರು. ಅದು ಅಲ್ಲಿ ನೆಲೆಸಿದ್ದ ರೂಸೋನ 1762ರ ಕೃತಿಯ ಹೆಸರು. ಅಲ್ಲಿ ರೂಸೋನಿಗೆ ಆಶ್ರಯವಿತ್ತ ಲಕ್ಸಂಬರ್ಗ್‌ನ ಮಾರ್ಷಲ್ ಇದೇ ವಂಶದ ಕವಲಿನವನೆಂಬುದು ಚರಿತ್ರೆಯ ವ್ಯಂಗ್ಯ. ಊರು ಮುಂದೆ ಮತ್ತೆ ಮಾಂಟ್‌ಮೊರೆನ್ಸಿಯೇ ಆಯಿತು.

ಡ್ಯೂಕ್ ಪದವಿಯ ಕವಲು 1862ರಲ್ಲಿ ನಿಂತಿತು. 1864ರಲ್ಲಿ ಮೂರನೆಯ ನೆಪೋಲಿಯನ್ ಆ ಪದವಿಯನ್ನು, ತಾಯಿಯ ಕಡೆಯಿಂದ ಈ ವಂಶಕ್ಕೆ ಸೇರಿದ ತಾಲೆರಾಂ-ಪೆರಿಗೋರ್ ಮನೆತನದವನಿಗೆ ನೀಡಿದನು. ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಮೂಲ ವಂಶದ ಪುರುಷ ಸಂತತಿಯೇ ಇಲ್ಲವಾಯಿತು.

ಆದರೆ ಹೆಸರು ವಂಶದ ಆಸರೆಯಿಲ್ಲದೆಯೇ ಉಳಿಯಿತು. ಕೆನಡಾದ ಕ್ವಿಬೆಕ್ ನಗರದ ಬಳಿ 83 ಮೀಟರ್ ಎತ್ತರದಿಂದ ಧುಮುಕುವ ಜಲಪಾತಕ್ಕೆ ಶಾಂಪ್ಲೇನ್ ಈ ಮನೆತನದ ಗೌರವಾರ್ಥ ಇಟ್ಟ ಹೆಸರು ಇಂದಿಗೂ ಬಳಕೆಯಲ್ಲಿದೆ. ಮಾಂಟ್‌ಮೊರೆನ್ಸಿ ಕಣಿವೆಯ ಹುಳಿ ಚೆರ್ರಿಯ ತಳಿ ಅದೇ ಹೆಸರಿನಿಂದ ಅಮೆರಿಕದ ಮಿಶಿಗನ್ ತೋಟಗಳಲ್ಲಿ ವ್ಯಾಪಕವಾಗಿ ಬೆಳೆಯುತ್ತಿದೆ. ಆನ್ ಕಟ್ಟಿಸಿದ ಎಕೂಆಂ ಅರಮನೆ 1977ರಿಂದ ಪುನರುಜ್ಜೀವನ ಕಾಲದ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿದೆ.

ಪದವಿಯನ್ನು ಕೊಡುವ, ಕಸಿದುಕೊಳ್ಳುವ ಅಧಿಕಾರ ಪ್ರಭುತ್ವಕ್ಕಿತ್ತು. ಊರು, ನೀರು, ಹಣ್ಣುಗಳೊಡನೆ ಜನರ ನಾಲಗೆಯಲ್ಲಿ ಬೆರೆತುಹೋದ ಹೆಸರನ್ನು ಬದಲಿಸುವ ಶಕ್ತಿ ಮಾತ್ರ ಅರಸನಿಗೂ ಇರಲಿಲ್ಲ, ಕ್ರಾಂತಿಗೂ ಇರಲಿಲ್ಲ.