ಹೆಂಡಿಯಿಂದ ನಲ್ಲಿಗೆ ನೀರು ಬಂದ ಊರು

ಗೋಬರ್ ಗ್ಯಾಸ್ ಗುಂಡಿಯನ್ನು ಗಾಳಿ ಆಡದಂತೆ ಮುಚ್ಚುವುದು ಯಾಕೆ? ಒಳಗೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕವೇ ವಿಷ. ಬೇರೆ ಬ್ಯಾಕ್ಟೀರಿಯಾಗಳು ಹೆಂಡಿಯನ್ನು ಕೊಳೆಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಅಸಿಟಿಕ್ ಆಮ್ಲ ಬಿಡುತ್ತವೆ. ಅದನ್ನೇ ಉಂಡು ಇವು ಬದುಕುತ್ತವೆ. ಇವು ಬ್ಯಾಕ್ಟೀರಿಯಾಗಳಲ್ಲ, ಬೇರೆಯೇ ಕುಲ ಎಂದು 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿದರು. ಎಮ್ಮೆಯ ಹೊಟ್ಟೆಯಲ್ಲೂ, ನಮ್ಮ ಖೂಬಾ ಪ್ಲಾಟ್‌ನಂಥ ಬಡಾವಣೆಯ ಸೆಪ್ಟಿಕ್ ಟ್ಯಾಂಕಿನಲ್ಲೂ ಇದೇ ಕುಲದವು ಇರುತ್ತವೆ.

ಇವನ್ನು ಇಡೀ ಊರಿಗಾಗಿ ದುಡಿಸಿದ್ದು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ ‘ಅಸ್ತ್ರ’ ತಂಡ ಅಲ್ಲಿ ಊರೊಟ್ಟಿನ ಗ್ಯಾಸ್ ಸ್ಥಾವರ ಕಟ್ಟಿತು. ಎಲ್ಲರ ಒಲೆಗೂ ಗ್ಯಾಸ್ ಕೊಡಬೇಕೆಂಬುದು ಮೊದಲ ಯೋಚನೆ. ಅಷ್ಟಕ್ಕೆ ಊರಿನ ಹೆಂಡಿ ಸಾಲಲಿಲ್ಲ. ಆಗ ಗ್ಯಾಸನ್ನು ಡೀಸೆಲ್ ಜೊತೆ ಎಂಜಿನ್ನಿಗೆ ಕೊಟ್ಟು ಕರೆಂಟ್ ತಯಾರಿಸಿದರು. 1987ರಲ್ಲಿ ಮನೆಗಳಿಗೆ ದೀಪ ಬಂತು, ಕೊಳವೆಬಾವಿಯ ನೀರು ನಲ್ಲಿಗೆ ಬಂತು.

ಹೆಂಡಿ ತಂದು ಹಾಕಿದವರಿಗೆ ಆಗ ಕಿಲೋಗೆ 2 ಪೈಸೆ ಕೂಲಿ ಸಿಗುತ್ತಿತ್ತು. ಗ್ಯಾಸ್ ಬಿಟ್ಟ ಮೇಲಿನ ರಾಡಿ ಗೊಬ್ಬರವಾಗಿ ಅವರಿಗೇ ವಾಪಸ್ ಹೋಗುತ್ತಿತ್ತು. ಕುಳ್ಳು ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ, ರಾಡಿಯಲ್ಲಿ ಉಳಿಯುತ್ತದೆ. ಹೀಗಾಗಿ ಹೊಲಕ್ಕೆ ನಷ್ಟವಿಲ್ಲ. ಆದರೆ ಮನೆಮನೆಯವರು ಹೆಂಡಿ ತರುವುದು ಬಿಟ್ಟರೆ ಎಲ್ಲರ ನಲ್ಲಿಯೂ ನಿಂತ ಹಾಗೆಯೇ ಆಗುತ್ತಿತ್ತು.

ನಿಮ್ಮೂರಲ್ಲೂ ಹಾಳು ಬಿದ್ದ ಗೋಬರ್ ಗ್ಯಾಸ್ ಗುಂಡಿ ಇರಬಹುದು. ತಾಜಾ ಹೆಂಡಿಯೊಂದಿಗೆ ಈ ಜೀವಿಗಳು ಮತ್ತೆ ಬರುತ್ತವೆ. ದಿನಾ ಹಾಕುವ ಕೈ ಬೇಕು. ಒಂದು ಮಾತು, ಸ್ವಚ್ಛ ಮಾಡಲೆಂದು ಯಾರೂ ಒಳಗೆ ಇಳಿಯಬೇಡಿ. ಅವು ಬದುಕುವ ಜಾಗದಲ್ಲಿ ಮನುಷ್ಯನಿಗೆ ಉಸಿರಿಲ್ಲ.