ಗಡಿ ಬಲ್ಲವನ ಕೇರಿಗೆ ನಕ್ಷೆಯಲ್ಲಿ ಹೆಸರಿಲ್ಲ

ಎರಡು ಊರಿನ ನಡುವೆ ಗಡಿ ಜಗಳ ಬಂದಾಗ ಹಳೇ ಮೈಸೂರು ಸೀಮೆಯಲ್ಲಿ ಯಾರನ್ನ ಕರೀತಿದ್ರು ಗೊತ್ತಾ? ಗೌಡರನ್ನಲ್ಲ, ಶಾನುಭೋಗರನ್ನಲ್ಲ. ಹೊಲಗೇರಿಯ ಕುಳವಾಡಿಯನ್ನ.

ಇದು ನಾನು ಕಟ್ಟಿದ ಕತೆ ಅಲ್ಲ. 1873ರಲ್ಲಿ ಕ್ಯಾಪ್ಟನ್ ಮೆಕೆಂಜಿ ಅನ್ನೋ ಬ್ರಿಟಿಷ್ ಅಧಿಕಾರಿ ಬರೆದಿಟ್ಟಿದ್ದಾನೆ. ಊರಿನ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರು ಹಾಕಿ, ತಲೆ ಮೇಲೆ ಹೊತ್ತುಕೊಂಡು ಕುಳವಾಡಿ ಗಡಿಯುದ್ದಕ್ಕೂ ನಡೀಬೇಕು. ಸರಿಯಾದ ದಾರಿ ಹಿಡಿದರೆ ಏನೂ ಆಗಲ್ಲ. ತಪ್ಪಿ ಗಡಿ ದಾಟಿದರೆ ಉಂಡೆ ತಾನಾಗೇ ಒಡೆಯುತ್ತೆ, ಹದಿನೈದು ದಿನದೊಳಗೆ ಅವನು ಸಾಯ್ತಾನೆ, ಮನೆ ಹಾಳಾಗುತ್ತೆ ಅನ್ನೋದು ನಂಬಿಕೆ. ಅಂದ್ರೆ ಊರಿನ ನೆಲದ ಲೆಕ್ಕ ಗೊತ್ತಿದ್ದಿದ್ದು ಊರೊಳಗೆ ಕಾಲಿಡೋಕೆ ಬಿಡದ ಮನುಷ್ಯನಿಗೆ. ಅವನ ಮಾತು ಬೇಕು, ನೆರಳು ಬೇಡ. ನಿಜ ಹೇಳೋ ಭಾರವೂ ಅವನದೇ, ತಪ್ಪಿದರೆ ಸಾಯೋ ಪಾಳಿಯೂ ಅವನದೇ.

ಆ ಹೊತ್ತಿಗಾಗಲೇ ಗಡಿ ಅನ್ನೋದು ಕುಳವಾಡಿಯ ಕಾಲಿನಿಂದ ಕಾಗದಕ್ಕೆ ಹೊರಟಾಗಿತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿಯವರು ಮೈಸೂರನ್ನ ಅಳೆಯೋಕೆ ಇಳಿದರು. 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಅಳತೆಯ ಮೂಲರೇಖೆ ಎಳೆದ. ಕಂದಾಯ ಸರ್ವೆ ಶುರುವಾಗಿದ್ದು 1863ರಲ್ಲಿ. 33 ಅಡಿ ಸರಪಳಿ, ಅದರಲ್ಲಿ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಅಂದ್ರೆ ಒಂದು ಗುಂಟೆ, 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಇವತ್ತು ನಿಮ್ಮ ಪಹಣಿಯಲ್ಲಿ ಕಾಣೋ ಗುಂಟೆ ಆ ಸರಪಳಿಯ ಮೊಮ್ಮಗ.

ಆ ಸರ್ವೆಯಿಂದ ಹುಟ್ಟಿದ ಗ್ರಾಮ ನಕ್ಷೆ ಈಗ ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಸಿಗುತ್ತೆ. ಶಿವಮೊಗ್ಗ, ಭದ್ರಾವತಿ ತಾಲೂಕಿನ ಯಾವುದಾದ್ರೂ ಊರಿನದು ಇಳಿಸಿಕೊಂಡು ನೋಡಿ. ಸರ್ವೆ ನಂಬರ್ ಇದೆ, ಕೆರೆ ಇದೆ, ಹಳ್ಳ ಇದೆ, ಗಾಡಿದಾರಿ ಇದೆ, ಗ್ರಾಮಠಾಣ ಇದೆ. ಕೇರಿ ಹುಡುಕಿ. ಬಹಳ ಕಡೆ ಅದು ಗ್ರಾಮಠಾಣದ ಗೆರೆಯಾಚೆ, ಗೋಮಾಳದ್ದೋ ಖರಾಬಿನದ್ದೋ ನಂಬರಿನೊಳಗೆ ಹೆಸರಿಲ್ಲದೆ ಬಿದ್ದಿರುತ್ತೆ. ನಕ್ಷೆಯ ಪ್ರಕಾರ ಅಲ್ಲಿ ಮನೆಯೇ ಇಲ್ಲ. ತಾಂಡಾ, ಹಟ್ಟಿ, ಹಾಡಿಗಳಿಗೆ ಸರ್ಕಾರವೇ ಇಟ್ಟ ಹೆಸರು ನೋಡಿ: ‘ದಾಖಲೆ ರಹಿತ ಜನವಸತಿ’. ಜನ ಇದ್ದಾರೆ, ದಾಖಲೆ ಇಲ್ಲ. ಆ ಒಂದು ಗೆರೆಗಾಗಿ ಹಕ್ಕುಪತ್ರಕ್ಕೆ ಎಷ್ಟು ವರ್ಷ ತಾಲೂಕು ಕಚೇರಿ ಅಲೆದಿದ್ದೀವಿ ಅಂತ ಬಿಡಿಸಿ ಹೇಳ್ಬೇಕಾ?

ಭದ್ರಾವತಿ ವಿಷಯ ಬಂದ್ರೆ ಬಿ. ಕೃಷ್ಣಪ್ಪನವರನ್ನ ನೆನೆಯದೆ ಮುಂದೆ ಹೋಗೋಕಾಗಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡ್ತಾ ಈ ಕಬ್ಬಿಣದ ಊರಿನಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದವರು. ಭೂಮಿ ಹೋರಾಟ ಅಂದ್ರೆ ಘೋಷಣೆ ಅಷ್ಟೇ ಅಲ್ಲ, ಯಾವ ಸರ್ವೆ ನಂಬರ್, ಎಷ್ಟು ಗುಂಟೆ, ಯಾರ ಒತ್ತುವರಿ ಅನ್ನೋ ಲೆಕ್ಕ. ಆಗ ನಕ್ಷೆ ಇರ್ತಿದ್ದಿದ್ದು ಕಚೇರಿಯ ಬೀರುವಿನಲ್ಲಿ, ಬೀಗದ ಕೈ ಇನ್ಯಾರದೋ ಸೊಂಟದಲ್ಲಿ.

ಈಗ ಬೀಗ ಸಡಿಲ ಆಗಿದೆ. 2004ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಹುಟ್ಟಿತು, ಯಾರು ಬೇಕಾದ್ರೂ ತಮ್ಮ ಓಣಿ ಬರೆದು ಸೇರಿಸಬಹುದಾದ ಲೋಕದ ನಕ್ಷೆ. ನಮ್ಮ ದೇಶದಲ್ಲಿ ನಕ್ಷೆ ತಯಾರಿಸೋಕೆ, ಪ್ರಕಟಿಸೋಕೆ ಇದ್ದ ಮೊದಲೇ ಅನುಮತಿ ಪಡೆಯೋ ಕಟ್ಟುಪಾಡುಗಳನ್ನ 2021ರ ಫೆಬ್ರವರಿಯಲ್ಲಿ ಸಡಿಲಿಸಿದರು. ಕ್ಯೂಜಿಐಎಸ್ ಅನ್ನೋ ತಂತ್ರಾಂಶ ಪುಕ್ಕಟೆ. ಹಳೇ ಗ್ರಾಮ ನಕ್ಷೆಯನ್ನ ಅದರೊಳಗೆ ಹಾಕಿ, ಕೆರೆ ಏರಿಯ ತುದಿ, ದಾರಿ ಕೂಡೋ ಜಾಗ, ಮೂರು ಊರಿನ ಗಡಿ ಸೇರೋ ಬಾಂದು ಕಲ್ಲು, ಹೀಗೆ ಗುರುತು ಹಿಡಿದು ಉಪಗ್ರಹ ಚಿತ್ರದ ಮೇಲೆ ಕೂರಿಸ್ತೀವಿ. ನಾಲ್ಕೈದು ಗುರುತು ಸರಿ ಕೂತರೆ ಅಜ್ಜನ ಕಾಲದ ಗೆರೆ ಇವತ್ತಿನ ನೆಲದ ಮೇಲೆ ಬಂದು ಮಲಗುತ್ತೆ. ನೋಡಿದ ಹುಡುಗರ ಕಣ್ಣು ಅರಳುತ್ತೆ, ಸುಳ್ಳಲ್ಲ. ಆಮೇಲೆ ಕೇರಿ, ಬೋರ್‌ವೆಲ್, ಸ್ಮಶಾನದ ದಾರಿ ಬರೆದು ಯುಮ್ಯಾಪ್‌ನಲ್ಲಿ ಹಾಕಿದ್ರೆ ಒಂದು ಲಿಂಕ್ ಸಿಗುತ್ತೆ. ವಾಟ್ಸಾಪ್‌ನಲ್ಲಿ ಕಳಿಸಿ.

ಕನ್ನಡದಲ್ಲೇ ಬರೀಬೇಕು ಅಂದ್ರೆ ಒಂದು ತಲೆನೋವು ಇದೆ. ವೆಬ್‌ನ ಕೆಲವು ಹೊಸ ನಕ್ಷೆ ತಂತ್ರಾಂಶಗಳಲ್ಲಿ ಭಾರತದ ಲಿಪಿಗಳ ಒತ್ತಕ್ಷರ ಒಡೆದು ಬರುತ್ತೆ. ‘ಭದ್ರಾವತಿ’ಯ ರಾವತ್ತು ಒಂದು ಕಡೆ, ‘ಶಿವಮೊಗ್ಗ’ದ ಗಾವತ್ತು ಇನ್ನೊಂದು ಕಡೆ. ಹೆಸರನ್ನ ಬ್ರೌಸರೇ ಬರೆಯೋ ಹಾಗೆ ಲೀಫ್ಲೆಟ್‌ನಲ್ಲಿ ಲೇಬಲ್ ಹಾಕಿದ್ರೆ ಅಕ್ಷರ ಸರಿ ಕಾಣುತ್ತೆ. 2014ರ ನವೆಂಬರ್ 1ರಂದು ಶಿಮೊಗ ಅನ್ನೋದು ಇಂಗ್ಲಿಷಿನಲ್ಲೂ ಶಿವಮೊಗ್ಗ ಆಯ್ತಲ್ಲ, ಸರ್ಕಾರ ಮನಸ್ಸು ಮಾಡಿದ್ರೆ ಹೆಸರು ಬದಲಾಗೋಕೆ ಒಂದು ದಿನ ಸಾಕು. ಕೇರಿಯವರು ತಮ್ಮ ಬೀದಿಗೆ ಅಂಬೇಡ್ಕರ್ ನಗರ ಅಂತ ಬೋರ್ಡ್ ಹಾಕಿ ಎಷ್ಟೋ ವರ್ಷ ಆದ್ರೂ ಅದು ನಕ್ಷೆಗೆ ಏರಲ್ಲ.

ಹಾಗಂತ ಕಂಡಿದ್ದನ್ನೆಲ್ಲ ನಕ್ಷೆಗೆ ಹಾಕೋದು ಬೇಡ. ಅಮೆರಿಕದಲ್ಲಿ ಎರಡು ಕತೆ ನಡೆದಿವೆ. ಕಪ್ಪು ಜನಾಂಗದ ವಿದ್ವಾಂಸ ಡು ಬಾಯ್ಸ್ ಫಿಲಡೆಲ್ಫಿಯಾದ ಒಂದು ವಾರ್ಡಿನಲ್ಲಿ ಮನೆ ಮನೆಗೆ ಹೋಗಿ ತನ್ನ ಜನರ ಬದುಕಿನ ನಕ್ಷೆ ಮಾಡಿ 1899ರಲ್ಲಿ ಪ್ರಕಟಿಸಿದ. 1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ಅದೇ ಥರ ನಗರಗಳಿಗೆ ಬಣ್ಣ ಬಳಿದು, ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಹಚ್ಚಿ, ಇಲ್ಲಿ ಸಾಲ ಕೊಡೋದು ಅಪಾಯ ಅಂತು. ಅದಕ್ಕೇ ನನ್ನ ಮಾತು ಇಷ್ಟು: ಯಾವ ಮನೆ ಯಾವ ಜಾತಿ ಅಂತ ಬಹಿರಂಗ ನಕ್ಷೆಯಲ್ಲಿ ಗುರುತು ಹಾಕೋದು ಬೇಡ. ಬಾಡಿಗೆ ಮನೆ ಕೊಡದಿರೋಕೆ ಅದೇ ಸಾಕಾಗುತ್ತೆ. ಕೇರಿಯವರು ಒಪ್ಪಿದ ಹೆಸರು, ನೀರು, ದಾರಿ, ಸ್ಮಶಾನ, ಇಷ್ಟು ಹಾಕಿ.

ಅದರಲ್ಲೂ ಸ್ಮಶಾನ ಮೊದಲು. ‘ಬಿ’ ಖರಾಬು ಅಂದ್ರೆ ದಾರಿ, ಕೆರೆ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ. ಪಕ್ಕದ ತೋಟದವನ ಬೇಲಿ ವರ್ಷಕ್ಕೊಂದು ಮಾರು ಒಳಗೆ ಬರೋದು ಇಂಥ ಕಡೆಯೇ. ಹೆಣ ಹೊತ್ತು ನಿಂತಾಗ ಜಗಳ ಮಾಡೋ ಬದಲು ಈಗಲೇ ಹೋಗಿ. ಸರ್ಕಾರದ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಆದ್ರೆ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಗಬಹುದು. ಗುಂಟೆಯ ಅಗಲವೇ ಹತ್ತು ಮೀಟರ್ ಅನ್ನೋದು ನೆನಪಿರಲಿ. ನಮ್ಮ ನಕ್ಷೆ ಅರ್ಜಿಗೆ ಬಲ ಕೊಡುತ್ತೆ, ಅಳತೆಗೆ ಸಾಕ್ಷಿ ಆಗಲ್ಲ. ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯರ್‌ನ ಕರೆಸಲೇಬೇಕು.

ಅರ್ಜಿಗಿಂತ ಮುಂಚೆ ಇನ್ನೊಂದು ಕೆಲಸ. ಬಾಂದು ಕಲ್ಲು ಎಲ್ಲಿದ್ವು ಅಂತ ಬಲ್ಲ ಅಜ್ಜ ಅಜ್ಜಿಯರು ಇನ್ನೂ ಕೆಲವು ಕೇರಿಗಳಲ್ಲಿ ಇದ್ದಾರೆ. ಫೋನಿನಲ್ಲಿ ಟ್ರ್ಯಾಕ್ ರೆಕಾರ್ಡ್ ಆನ್ ಮಾಡ್ಕೊಂಡು, ಬಿಸಿಲೇರೋ ಮುಂಚೆ ಅವರ ಜೊತೆ ಗಡಿ ಸುತ್ತ ಒಂದು ಸುತ್ತು ನಡೀರಿ.